ಇಲ್ಲದ ಶುಕ್ರವಾರ

ಕಿರಿಸೋಮೆಯ ಲ್ಯಾಪ್‌ಟಾಪಿನ ಬೆನ್ನ ಮೇಲೆ ಸ್ಟಿಕ್ಕರುಗಳು ಒಂದರ ಮೇಲೊಂದು ಕೂತಿದ್ದವು. ಪ್ರೋಗ್ರಾಂ ಬರೆಯುವ ಹೊಸ ಭಾಷೆಗೆ ಹಾರಿದಾಗಲೆಲ್ಲ ಅವನು ಹಳೆಯ ಭಾಷೆಯ ಗುರುತನ್ನು ಕೀಳುತ್ತಿರಲಿಲ್ಲ, ಅದರ ಮೇಲೆಯೇ ಹೊಸದನ್ನು ಅಂಟಿಸುತ್ತಿದ್ದ. ಅಂಚಿನಲ್ಲಿ ಒಂದು ಆನೆಯ ಕಿವಿ, ಒಂದು ಕಪ್ಪಿನ ಹಬೆ, ಒಂದು ಹಾವಿನ ಬಾಲ ಇಣುಕುತ್ತಿದ್ದವು. ನಮ್ಮ ಸಮೋವಾದ ರಾಜಧಾನಿ ಅಪಿಯಾದ ಸೆಖೆಗೆ ಅಂಟು ಕರಗಿ, ಧೂಳು ಹಿಡಿದು, ಆ ಗುಡ್ಡೆ ಒಣಗದ ಹುಣ್ಣಿನ ಹಾಗೆ ಕಾಣುತ್ತಿತ್ತು. ಎಲ್ಲಕ್ಕಿಂತ ಮೇಲೆ ಈಗ ನಗುವ ನೀಲಿ ಮೀನು. ಆ ಮೀನಿನ ಭಾಷೆಯ ಹೆಸರು ಇಲ್ಲಿ ಬರೆಯುವುದಿಲ್ಲ. ನೀವು ಇದನ್ನು ಓದುವ ಹೊತ್ತಿಗೆ ಅದರ ಮೇಲೂ ಇನ್ನೊಂದು ಪ್ರಾಣಿ ಕೂತಿರುತ್ತದೆ.

ನಾವು ಪ್ರೋಗ್ರಾಂ ಬರೆಯುವವರು ಮೂವರೇ. ನನ್ನ ಹೆಸರು ಅನೀವಾ, ಎಲ್ಲರಿಗಿಂತ ಹಳಬಳು. ಕಿರಿಸೋಮೆ ನಮ್ಮ ಮುಖ್ಯಸ್ಥ, ಆಕ್ಲೆಂಡಿನಲ್ಲಿ ಹುಟ್ಟಿ ಬೆಳೆದು, ಎರಡು ವರ್ಷದ ಹಿಂದೆ ಅಜ್ಜಿಯ ಊರಿಗೆ ಸೇವೆ ಮಾಡುತ್ತೇನೆಂದು ಬಂದವನು. ಸೆಟೆಫಾನೊ ನಮ್ಮಿಬ್ಬರಿಗಿಂತ ಚಿಕ್ಕವನು, ಮದುವೆಯಾಗಿ ಇನ್ನೂ ವರ್ಷವಾಗಿರಲಿಲ್ಲ. ಬಟ್ಟೆ ಅಂಗಡಿಯ ಮೇಲಿನ ಮಹಡಿ ನಮ್ಮ ಆಫೀಸು. ಏಸಿ ಸೋರಿ ಕೆಳಗಿಟ್ಟ ಬಕೆಟ್ಟಿಗೆ ತೊಟ್ಟಿಕ್ಕುತ್ತದೆ. ಪಕ್ಕದ ಬೇಕರಿಯಿಂದ ತೆಂಗಿನ ಹಾಲಿನಲ್ಲಿ ಬೆಂದ ಬನ್ನಿನ ವಾಸನೆ ದಿನವಿಡೀ ಬರುತ್ತದೆ. ಮೊದಲ ತಿಂಗಳು ಅದು ಹಸಿವು ತರಿಸುತ್ತದೆ, ಆಮೇಲೆ ವಾಕರಿಕೆ.

ನಮಗೆ ಅನ್ನ ಹಾಕುವುದು ಜೈಲಿನ ಪ್ರೋಗ್ರಾಂ. ಯಾರು ಯಾವತ್ತು ಒಳಗೆ ಬಂದರು, ಎಷ್ಟು ದಿನ ಕಳೆದರು, ಯಾವತ್ತು ಹೊರಗೆ ಹೋಗಬೇಕು. ಇಷ್ಟೇ. ಅದನ್ನು ನಾನು ಮೊದಲು ಫಾಕ್ಸ್‌ಪ್ರೋ ಎಂಬ ಹಳೆಯ ಭಾಷೆಯಲ್ಲಿ ಬರೆದೆ. ಫಾಕ್ಸ್‌ಪ್ರೋ ಸತ್ತಿತು ಎಂದರು, ಜಾವಾದಲ್ಲಿ ಬರೆದೆ. ಜಾವಾ ಮುದಿಯಾಯಿತು ಎಂದು ಕಿರಿಸೋಮೆ ಬಂದು ಹೇಳಿದ, ಈಗ ಮೀನು. ಮೂರು ಸಲವೂ ಕೈದಿಗಳು ಅವರೇ, ಗೋಡೆ ಅದೇ, ಕೂಡಿ ಕಳೆಯುವ ಲೆಕ್ಕ ಅದೇ. ಬದಲಾದದ್ದು ಆವರಣ ಚಿಹ್ನೆಗಳು ಎಲ್ಲಿ ಬರಬೇಕು ಎಂಬುದು, ಮತ್ತು ನಾನು ಎಷ್ಟು ದಡ್ಡಿ ಎಂದು ಹೇಳುವವರ ವಯಸ್ಸು.

ಸೆಟೆಫಾನೊನಿಗೆ ಒಂದೇ ಚಿಂತೆ.

"ಅನೀವಕ್ಕಾ, ಈಗ ಯಾವ ಭಾಷೆ ಕಲಿತ್ರೆ ಒಳ್ಳೇದು?"

"ಈಜು ಕಲಿ."

"ತಮಾಷೆ ಬೇಡಕ್ಕಾ."

"ಯಾರು ತಮಾಷೆ ಮಾಡ್ತಿರೋದು? ಸಮುದ್ರದ ಪಕ್ಕ ಹುಟ್ಟಿದೀಯ, ಸೊಂಟದ ಮೇಲೆ ನೀರು ಬಂದ್ರೆ ಅಮ್ಮಾ ಅಂತೀಯ."

"ಅವಳ ಮಾತು ಎಲ್ಲಿ ಕೇಳ್ತೀಯ ಗುರು," ಎಂದು ಕಿರಿಸೋಮೆ ಕುರ್ಚಿ ತಿರುಗಿಸುತ್ತಿದ್ದ. "ಅವಳು ಫಾಕ್ಸ್‌ಪ್ರೋ ಕಾಲದ ಅಜ್ಜಿ. ಎರಡು ವರ್ಷಕ್ಕೊಂದು ಕಲೀತಾ ಇರ್ಬೇಕು. ನಿಂತ್ರೆ ಕೊಳೀತೀವಿ."

ಕೊಳೆಯುತ್ತಿದ್ದದ್ದು ಅವನ ಲ್ಯಾಪ್‌ಟಾಪಿನ ಬೆನ್ನು. ಆದರೆ ಸೆಟೆಫಾನೊ ಅವನನ್ನು ನೋಡುತ್ತಿದ್ದ ರೀತಿ ನನಗೆ ಗೊತ್ತಿತ್ತು. ಭಾನುವಾರ ಪಾದ್ರಿಯನ್ನು ಹಾಗೆ ನೋಡುತ್ತಾರೆ.

ಸೆಟೆಫಾನೊನ ಅಣ್ಣ ಮಲಾಕಿ ಆ ಜೈಲಿನಲ್ಲೇ ಇದ್ದ. ಒಂದು ರಗ್ಬಿ ಪಂದ್ಯದ ಸಂಜೆ, ಕುಡಿದ ಗಲಾಟೆಯಲ್ಲಿ, ಒಬ್ಬನಿಗೆ ಒಂದೇ ಒಂದು ಏಟು ಹೊಡೆದ. ಬಿದ್ದವನು ಏಳಲಿಲ್ಲ. ಅದು ದೇಶದಲ್ಲಿ ಒಂದು ಶುಕ್ರವಾರ ಕಾಣೆಯಾಗುವುದಕ್ಕಿಂತ ಮುಂಚಿನ ಮಾತು.

ಶುಕ್ರವಾರದ ವಿಷಯ ಹೇಳಬೇಕು. ಎರಡು ಸಾವಿರದ ಹನ್ನೊಂದರ ಕೊನೆಯಲ್ಲಿ ನಮ್ಮ ಸರ್ಕಾರ ದೇಶವನ್ನು ದಿನಾಂಕ ರೇಖೆಯ ಆ ಕಡೆಯಿಂದ ಈ ಕಡೆಗೆ ಎತ್ತಿಟ್ಟಿತು, ಆಕ್ಲೆಂಡ್ ಮತ್ತು ಸಿಡ್ನಿಯ ವಾರಕ್ಕೂ ನಮ್ಮ ವಾರಕ್ಕೂ ತಾಳೆಯಾಗಲಿ ಎಂದು. ಗುರುವಾರ ರಾತ್ರಿ ಮಲಗಿದೆವು. ಎದ್ದಾಗ ಶನಿವಾರ. ಡಿಸೆಂಬರ್ ಮೂವತ್ತು, ಶುಕ್ರವಾರ, ಸಮೋವಾದಲ್ಲಿ ಹುಟ್ಟಲೇ ಇಲ್ಲ. ಆದರೂ ಕೆಲಸಕ್ಕಿದ್ದವರಿಗೆ ಆ ದಿನದ ಸಂಬಳ ಬಂತು. ಆಗಿನ ಜೈಲು ಅಧಿಕಾರಿ ನಮ್ಮ ಆಫೀಸಿಗೆ ಬಂದು, ಬೀಸಣಿಗೆಯಿಂದ ಕತ್ತಿಗೆ ಗಾಳಿ ಹಾಕಿಕೊಳ್ಳುತ್ತ, "ನಮಗೆ ಸಂಬಳ ಕೊಟ್ಟ ದಿನ ಅವರಿಗೆ ಶಿಕ್ಷೆ ಆಗಿಲ್ಲ ಅಂದ್ರೆ ದೇವರು ನಗ್ತಾನೆ, ಅವರ ಲೆಕ್ಕಕ್ಕೂ ಸೇರಿಸಿ" ಎಂದ. ಜೈಲಿನ ಹಾಜರಿಯಲ್ಲಿ ಇಲ್ಲದ ಆ ದಿನವನ್ನು ನಾನು ಲೆಕ್ಕಕ್ಕೆ ಸೇರಿಸಿದೆ. ಆ ದಿನದ ಆಚೆಗೂ ಈಚೆಗೂ ಒಳಗಿದ್ದವರಿಗೆ ಒಂದು ದಿನ ಹೆಚ್ಚು ಕಳೆದ ಹಾಗೆ. ಒಂದೇ ಸಾಲು. ಜಾವಾಕ್ಕೆ ಬದಲಾದಾಗ ಅದನ್ನೂ ಕೈ ಹಿಡಿದು ದಾಟಿಸಿದೆ.

ಮೀನಿನ ಭಾಷೆಗೆ ದಾಟಿಸುವಾಗ ಆ ಭಾಗ ಸೆಟೆಫಾನೊನ ಪಾಲಿಗೆ ಬಂತು, ಕಲಿಯಲಿ ಎಂದು. ನಮ್ಮಲ್ಲಿ ಒಂದು ಪದ್ಧತಿ ಇದೆ. ಒಬ್ಬರು ಬರೆದ ಸಾಲನ್ನು ಇನ್ನೊಬ್ಬರು ನೋಡಿ ಒಪ್ಪದೆ ಅದು ಪ್ರೋಗ್ರಾಮಿನ ಒಳಗೆ ಹೋಗುವ ಹಾಗಿಲ್ಲ. ಸೆಟೆಫಾನೊ ಆ ಸಾಲನ್ನೂ ನಿಷ್ಠೆಯಿಂದ ಬರೆದಿದ್ದ. ಕಿರಿಸೋಮೆ ಅದರ ಪಕ್ಕದಲ್ಲಿ ಟಿಪ್ಪಣಿ ಹಾಕಿದ: "ಇದೇನು ಗಲೀಜು? ಈ ಭಾಷೆಗೆ ಅಪಿಯಾದ ಗಡಿಯಾರ ಹುಟ್ಟಿನಿಂದಲೇ ಗೊತ್ತು. ತೆಗೆ." ಸೆಟೆಫಾನೊ ತೆಗೆದ. ಸಾಲು ಕಡಿಮೆ ಮಾಡಿದ್ದಕ್ಕೆ ಅವನಿಗೂ ಒಂದು ಮೀನಿನ ಸ್ಟಿಕ್ಕರು ಸಿಕ್ಕಿತು. ನಾನು ಆ ವಾರ ಸವಾಯಿ ದ್ವೀಪದಲ್ಲಿ ಅಕ್ಕನ ಮಗಳ ಮದುವೆಯಲ್ಲಿದ್ದೆ. ತಿರುಗಿ ಬಂದಾಗ ಹಳೆಯ ಪ್ರೋಗ್ರಾಂ ನಿಲ್ಲಿಸಿದ್ದರು, ಹೊಸದು ಓಡುತ್ತಿತ್ತು, ಪ್ರೋಗ್ರಾಂ ಸರಿಯಿದೆಯೇ ಎಂದು ಯಂತ್ರವೇ ನೋಡುವ ಪರೀಕ್ಷೆಗಳೆಲ್ಲ ಹಸಿರು, ಎಂದರೆ ಪಾಸು.

ಅದಾಗಿ ಕೆಲವು ದಿನಕ್ಕೆ, ಒಂದು ಸೋಮವಾರ, ಸೆಟೆಫಾನೊನ ಅಮ್ಮ ತೀರಿಕೊಂಡರು. ಅವರು ಹಾಸಿಗೆ ಹಿಡಿದು ಬಹಳ ದಿನವಾಗಿತ್ತು. ಮಲಾಕಿ ಬಿಡುಗಡೆಯಾಗಿ ಬರಲಿದ್ದ ಆ ವಾರದ ಶುಕ್ರವಾರದವರೆಗೆ ಹೇಗಾದರೂ ತಳ್ಳುತ್ತೇನೆ ಎನ್ನುತ್ತಿದ್ದರು, ತಳ್ಳಲಾಗಲಿಲ್ಲ. ಮಣ್ಣು ಶನಿವಾರ ಬೆಳಿಗ್ಗೆ ಎಂದು ನಿರ್ಧಾರವಾಯಿತು. ಆಕ್ಲೆಂಡ್, ಸಿಡ್ನಿಯಿಂದ ಬಂದ ನೆಂಟರು ಭಾನುವಾರ ಹೊರಡಬೇಕು. ಮನೆಯ ಮುಂದೆ, ಅಪ್ಪನ ಸಮಾಧಿಯ ಪಕ್ಕದಲ್ಲೇ ಗುಂಡಿ ತೋಡಲು ಶುರುಮಾಡಿದ್ದರು. ಶುಕ್ರವಾರ ಮಲಾಕಿ ಹೊರಗೆ ಬರುತ್ತಾನಲ್ಲ, ಅಮ್ಮನ ಮುಖ ನೋಡುತ್ತಾನಲ್ಲ ಎಂದು ಎಲ್ಲರೂ ಅದೊಂದನ್ನೇ ಹಿಡಿದುಕೊಂಡಿದ್ದರು.

ಬುಧವಾರ ಸೆಟೆಫಾನೊ ಆಫೀಸಿಗೆ ಬಂದದ್ದು ರಜೆ ಹೇಳಿ ಹೋಗಲು. ಕಪ್ಪು ಲುಂಗಿ, ಕಪ್ಪು ಅಂಗಿ. ಹೋಗುವ ಮುಂಚೆ ಜೈಲಿಗೆ ಫೋನು ಮಾಡಿದ, ಶುಕ್ರವಾರ ಎಷ್ಟು ಹೊತ್ತಿಗೆ ಗಾಡಿ ತರಲಿ ಎಂದು ಕೇಳಲು. ಅತ್ತಲಿನ ಗುಮಾಸ್ತೆಯ ದನಿ ನನ್ನ ಮೇಜಿಗೂ ಕೇಳಿಸುತ್ತಿತ್ತು.

"ಶುಕ್ರವಾರ ಅಲ್ಲಪ್ಪಾ, ಇಲ್ಲಿ ಶನಿವಾರ ತೋರಿಸ್ತಿದೆ. ಶನಿವಾರ, ಭಾನುವಾರ ಕಾಗದ ಕೊಡೋರು ಯಾರೂ ಇರಲ್ಲ. ಸೋಮವಾರ ಬಾ."

"ಇಲ್ಲ ಮೇಡಂ, ಶುಕ್ರವಾರನೇ. ಹೋದ ವರ್ಷ ನೀವೇ ಹೇಳಿದ್ರಿ."

"ಹೋದ ವರ್ಷ ಹಳೇದಿತ್ತು. ಈಗ ಹೊಸದು. ನಿಮ್ಮವರೇ ಕೊಟ್ಟಿದ್ದಲ್ವಾ?"

"ಒಂದಿನ ಮುಂಚೆ ಬಿಡಕ್ಕಾಗಲ್ವಾ? ಶನಿವಾರ ನಮ್ಮಮ್ಮನ ಮಣ್ಣು."

"ದೇವರು ಸಮಾಧಾನ ಕೊಡ್ಲಿ ಮಗಾ. ಮುಂಚೆ ಬಿಟ್ರೆ ಶಿಕ್ಷೆ ಕಡಿಮೆ ಆದಂಗೆ, ಆಗಲ್ಲ. ಮೊದಲು ತಾರೀಕು ನಾವೇ ತಿದ್ದೋಕೆ ಒಂದು ಖಾಲಿ ಜಾಗ ಇತ್ತು, ಈಗ ಅದನ್ನೂ ತೆಗ್ದಿದಾರೆ. ಬೇಕಾದ್ರೆ ಇಬ್ರು ಕಾವಲಿನವರ ಜೊತೆ ಒಂದು ಗಂಟೆ ಕಳಿಸ್ತೀವಿ. ಕೋಳ ಹಾಕೇ ಕಳಿಸ್ಬೇಕು."

ಸೆಟೆಫಾನೊ ಫೋನನ್ನು ಕಿವಿಯಿಂದ ತೆಗೆಯಲಿಲ್ಲ. ಅವಳು ಯಾವಾಗಲೋ ಇಟ್ಟಿದ್ದಳು. ಅವನು ನನ್ನ ಕಡೆ ತಿರುಗಿದ. ಅವನಿಗೆ ಗೊತ್ತಾಗಿತ್ತು. ನನಗಿಂತ ಮುಂಚೆ ಗೊತ್ತಾಗಿತ್ತು.

"ಅಕ್ಕಾ," ಅಂದ. "ಆ ಸಾಲು."

ಕಿರಿಸೋಮೆ ತನ್ನ ಕಿವಿಯ ಹೆಡ್‌ಫೋನು ತೆಗೆದು ಎಲ್ಲವನ್ನೂ ಕೇಳಿದ. ನಿಜ ಹೇಳಬೇಕೆಂದರೆ ಅವನು ಎದ್ದು ಸೆಟೆಫಾನೊನನ್ನು ತಬ್ಬಿಕೊಂಡ, ಅವನ ಕಣ್ಣು ಒದ್ದೆಯಾಯಿತು. ನಂತರ ಕುರ್ಚಿಯಲ್ಲಿ ಕೂತು ಹೇಳಿದ:

"ಆದ್ರೆ ಲೆಕ್ಕ ಸರಿಯಾಗೇ ಇದೆ."

"ಏನು ಸರಿ?" ಎಂದೆ.

"ನೋಡು ಅನೀವಾ, ದುಃಖ ಬೇರೆ, ಲೆಕ್ಕ ಬೇರೆ. ಆ ಶುಕ್ರವಾರ ಇರಲೇ ಇಲ್ಲ. ಇಲ್ಲದ ದಿನಾನ ಯಾರಾದ್ರೂ ಜೈಲಲ್ಲಿ ಹೇಗೆ ಕಳೀತಾರೆ?"

"ಹಾಗಾದ್ರೆ ಹೊರಗೆ ಕಳೆದ್ನಾ?"

"ಎಲ್ಲೂ ಕಳೀಲಿಲ್ಲ. ಹಳೇ ಪ್ರೋಗ್ರಾಂ ತಪ್ಪಿತ್ತು. ಹೊಸ ಭಾಷೆ ಆ ತಪ್ಪನ್ನ ಹಿಡೀತು. ನಾವು ಭಾಷೆ ಬದಲಾಯ್ಸೋದೇ ಇದಕ್ಕಲ್ವಾ?"

"ತಪ್ಪಲ್ಲ ಕಣೋ ಅದು. ಕೇಳಿ ಬರೆಸ್ಕೊಂಡಿದ್ದು. ನಾನೇ ಬರ್ದಿದ್ದು."

"ಕಾನೂನಲ್ಲಿದೆಯಾ?"

"ಆ ಅಧಿಕಾರಿ ಬಂದು ಇದೇ ಕುರ್ಚೀಲಿ ಕೂತು ಹೇಳಿದ್ರು."

"ಕುರ್ಚಿ ಕಾನೂನಲ್ಲ, ಅಜ್ಜಿ."

"ಆ ಶುಕ್ರವಾರ ನೀನೆಲ್ಲಿದ್ದೆ?"

"ಆಕ್ಲೆಂಡಲ್ಲಿ. ನಮಗೆ ಶುಕ್ರವಾರ ಇತ್ತಲ್ಲ."

"ಏನ್ಮಾಡ್ದೆ?"

ಅವನು ನಿಜವಾಗಿಯೂ ಯೋಚಿಸಿದ. "ನೆನಪಿಲ್ಲ. ಬೀಚಿಗೆ ಹೋಗಿರ್ಬೇಕು."

ಬಕೆಟ್ಟಿಗೆ ಏಸಿಯ ನೀರು ತೊಟ್ಟಿಕ್ಕಿತು. ಇವನು ಕೆಟ್ಟವನಾಗಿದ್ದರೆ ಎಷ್ಟೋ ವಾಸಿಯಿತ್ತು. ಇವನು ಸರಿಯಾಗಿದ್ದ. ತೊಳೆದಿಟ್ಟ ತಟ್ಟೆಯ ಹಾಗೆ ಸರಿಯಾಗಿದ್ದ.

ಸೆಟೆಫಾನೊ ನಡುವೆ ಬಾಯಿ ಹಾಕಿದ. "ನಾನೇ ಆ ಸಾಲನ್ನ ವಾಪಸ್ ಹಾಕ್ಲಾ?"

"ಹುಚ್ಚಾ? ಅಣ್ಣನ ಬಿಡುಗಡೆ ತಾರೀಕಿಗೆ ನೀನು ಕೈ ಹಾಕಿದ್ರೆ ಅಣ್ಣ ಹೊರಗೆ, ನೀನು ಒಳಗೆ. ಕೈ ಹಾಕೋದೂ ಬೇಡ, ಒಪ್ಪೋದೂ ಬೇಡ," ಎಂದೆ. "ನಾನು ಬರೀತೀನಿ. ಇವನು ಒಪ್ಪಲಿ."

ಕಿರಿಸೋಮೆ ಕೈ ಎತ್ತಿದ. "ಒಪ್ಪೋಣ, ನೋಡೋಣ. ಆದ್ರೆ ನಾಳೆ ಜೈಲಿನೋರಿಗೆ ಹೊಸ ಪ್ರೋಗ್ರಾಂ ತೋರಿಸೋ ದಿನ. ಅದು ಮುಗಿಯೋವರೆಗೆ ಯಾವ ಸಾಲನ್ನೂ ಮುಟ್ಟೋ ಹಾಗಿಲ್ಲ. ಮುಟ್ಟಿ ಏನಾದ್ರೂ ಒಡೆದ್ರೆ ಮೂವರ ಕೆಲಸಾನೂ ಹೋಗುತ್ತೆ. ಶುಕ್ರವಾರ ಬೆಳಿಗ್ಗೆ ಬಂದ ತಕ್ಷಣ ನೋಡ್ತೀನಿ. ಪ್ರಾಮಿಸ್."

ಮತ್ತೆ, ಬಾಗಿಲ ಹತ್ತಿರ ಹೋಗಿದ್ದ ಸೆಟೆಫಾನೊನನ್ನು ಕರೆದ. "ಗುರು, ನಾಳೆ ಒಂದೈದು ನಿಮಿಷ ಬಂದು ಹೋಗ್ತೀಯಾ? ದಿನ ಎಣಿಸೋ ಭಾಗ ನೀನು ಮಾಡಿದ್ದು. ನಿನ್ನ ಹೆಸರಲ್ಲೇ ತೋರಿಸೋಣ ಅಂತ."

ಸೆಟೆಫಾನೊ ಬಂದ. ಬಾರದೇ ಇರುವುದು ಅವನಿಗೆ ಬರುತ್ತಿರಲಿಲ್ಲ.

ಗುರುವಾರ ಆಫೀಸಿನಲ್ಲಿ ಮಡಚುವ ಕುರ್ಚಿಗಳು, ಜೈಲಿನ ಆರೇಳು ಜನ, ನಮ್ಮ ಮಾಲೀಕರು. ಮೇಜಿನ ನಡುವೆ ಮೀನಿನ ಆಕಾರದ ಕೇಕು, ಮೇಲೆ ದಪ್ಪಗೆ ನೀಲಿ ಕ್ರೀಮು. ಕಿರಿಸೋಮೆ ಮಾತಾಡಿದ. ಹಳೆಯ ಭಾಷೆಗಳು ಸತ್ತ ಮರಗಳಂತೆ, ನೆಳಲು ಕೊಡುತ್ತವೆ, ಗೆದ್ದಲೂ ಹಿಡಿಯುತ್ತವೆ ಎಂದ. ಪ್ರೋಗ್ರಾಂ ಬರೆಯುವವನು ಕಲಿಯಬೇಕಾದ ಒಂದೇ ವಿದ್ಯೆ ಎಂದರೆ ಕಲಿತದ್ದನ್ನು ಬಿಡುವುದು ಎಂದ. ಜೈಲಿನವರು ತಲೆಯಾಡಿಸಿದರು. ಆ ಮಾತು ಅವರ ಕೈದಿಗಳಿಗೂ ಒಪ್ಪುತ್ತಿತ್ತು.

ಆಮೇಲೆ ಕಪ್ಪು ಬಟ್ಟೆಯ ಸೆಟೆಫಾನೊ ಎದ್ದು, ಮುಂದೆ ಕೂತವರ ಎದುರು ಸೊಂಟ ಬಾಗಿಸಿ "ತುಲೋ" ಎಂದು ಕ್ಷಮೆ ಕೇಳುತ್ತ ದಾಟಿ, ಪರದೆಯ ಪಕ್ಕ ನಿಂತ. ಕಲ್ಪಿತ ಕೈದಿಯೊಬ್ಬನ ಹೆಸರು ಹಾಕಿದ. ಒಳಗೆ ಬಂದ ದಿನ, ಶಿಕ್ಷೆ. ಗುಂಡಿ ಒತ್ತಿದ. ಬಿಡುಗಡೆಯ ದಿನ ಹಸಿರು ಅಕ್ಷರದಲ್ಲಿ ಬಂತು. ಚಪ್ಪಾಳೆ. ಅವನು ನಕ್ಕ. ಅವನಿಗೆ ನಗುವುದನ್ನು ಬಿಟ್ಟು ಬೇರೇನು ಮಾಡಬೇಕೆಂದು ತೋಚಿರಲಿಕ್ಕಿಲ್ಲ.

ನಾನು ಮಾಲೀಕರನ್ನು ಮೂಲೆಗೆ ಕರೆದು ವಿಷಯ ಹೇಳಿದೆ. ಅವರು ನನ್ನ ಮೊಣಕೈ ಹಿಡಿದು, "ಇವತ್ತು ಇವರ ಮುಂದೆ ಬೇಡಮ್ಮಾ, ತೋರಿಸೋ ದಿನವೇ ತಪ್ಪಿದೆ ಅಂತ ಹೇಳೋದಾ? ಕಿರಿಸೋಮೆ ನೋಡ್ತೀನಿ ಅಂದಿದಾನಲ್ಲ" ಎಂದರು. ಅಷ್ಟರಲ್ಲಿ ಯಾರೋ ನನ್ನ ಕೈಗೆ ಕೇಕು ಕೊಟ್ಟರು. ಎಲ್ಲರ ನಾಲಿಗೆಯೂ ನೀಲಿಯಾಗಿತ್ತು. ಜೈಲಿನ ಗುಮಾಸ್ತೆ, ಅದೇ ಫೋನಿನ ದನಿ, ಸೆಟೆಫಾನೊನ ಕೆನ್ನೆ ಸವರಿ ನೀಲಿ ನಾಲಿಗೆಯಿಂದ ಸಂತಾಪ ಹೇಳಿದಳು. ಅವನೂ ತಿಂದ. ಅವನ ತುಟಿಯ ಮೂಲೆಯಲ್ಲಿ ಹೆಣದ ಬಣ್ಣ ಹತ್ತಿತ್ತು. ಒರೆಸಿಕೋ ಎಂದು ಸನ್ನೆ ಮಾಡಿದೆ. ಅವನಿಗೆ ಅರ್ಥವಾಗಲಿಲ್ಲ.

ಶುಕ್ರವಾರ. ಜೈಲಿನ ಕಚೇರಿ ನಾಲ್ಕಕ್ಕೆ ಮುಚ್ಚುತ್ತದೆ. ನಾನು ಬೆಳಿಗ್ಗೆಯೇ ಸಾಲು ಬರೆದಿಟ್ಟಿದ್ದೆ. ಕಿರಿಸೋಮೆ ಮಾತಿಗೆ ತಪ್ಪಲಿಲ್ಲ, ಬಂದ ಕೂಡಲೇ ನೋಡಿದ.

"ಇದಕ್ಕೊಂದು ಪರೀಕ್ಷೆ ಬೇಕಲ್ಲ. ಪರೀಕ್ಷೆ ಇಲ್ದೆ ಹೇಗೆ ಒಪ್ಲಿ?"

ಬರೆದೆ. ಎರಡು ಸಾವಿರದ ಹನ್ನೊಂದು, ಡಿಸೆಂಬರ್ ಮೂವತ್ತು, ಅಪಿಯಾ. ಭಾಷೆ ಅದನ್ನು ತೆಗೆದುಕೊಳ್ಳಲಿಲ್ಲ. ನಾನು ಮೂವತ್ತು ಎಂದು ಬರೆದರೆ ಅದು ತನ್ನಷ್ಟಕ್ಕೆ ಮೂವತ್ತೊಂದು ಮಾಡಿಕೊಂಡು, ನಿನ್ನ ಪರೀಕ್ಷೆ ಸೋತಿತು ಎಂದು ಕೆಂಪು ತೋರಿಸಿತು. ಮತ್ತೆ ಬರೆದೆ, ಮತ್ತೆ ಕೆಂಪು. ಫಾಕ್ಸ್‌ಪ್ರೋಗೆ ದೇಶ, ರೇಖೆ, ಗಡಿಯಾರ ಯಾವುದೂ ಗೊತ್ತಿರಲಿಲ್ಲ. ಹೇಳಿದ ತಾರೀಕನ್ನು ಹೂಂ ಎಂದು ಹಿಡಿದುಕೊಳ್ಳುತ್ತಿತ್ತು. ಇದಕ್ಕೆ ಎಲ್ಲ ಗೊತ್ತು. ನಾನು ಒಂದು ಮಾತು ಹೇಳಲು ಹೋದರೆ ನನ್ನ ಬಾಯಿಂದ ಕಿತ್ತುಕೊಂಡು ತಿದ್ದಿ ಹೇಳುತ್ತದೆ.

"ನೋಡಿದ್ಯಾ," ಎಂದ ಕಿರಿಸೋಮೆ, ನನ್ನ ಹೆಗಲ ಹಿಂದಿನಿಂದ. ಅವನ ಉಸಿರಿನಲ್ಲಿ ನಿನ್ನೆಯ ಕೇಕಿನ ಸಕ್ಕರೆ. "ಭಾಷೆನೇ ಹೇಳ್ತಿದೆ, ಅಂಥ ದಿನ ಇಲ್ಲ ಅಂತ."

"ಕಿರಿಸೋಮೆ, ಗುಂಡಿ ತೋಡಿ ಆಗಿದೆ."

"ಗೊತ್ತು ಮಾರಾಯ್ತಿ. ಅದಕ್ಕೇ ಅಲ್ವಾ ಬೆಳಿಗ್ಗಿಂದ ನಿನ್ನ ಜೊತೆ ಕೂತಿರೋದು?"

ಆ ದಿನದ ಹೆಸರನ್ನೇ ಎತ್ತದೆ ಬರೆದೆ. ಆ ವರ್ಷದ ಆ ಗುರುವಾರವೂ ಒಳಗಿದ್ದು, ಮರುದಿನದ ಶನಿವಾರವೂ ಒಳಗಿದ್ದವನಿಗೆ, ಒಂದು ಕೂಡಿಸು. ಕಳ್ಳಮಾಲು ಸಾಗಿಸಿದ ಹಾಗೆ. ಹಸಿರಾಯಿತು.

ಅವನು ಗಡ್ಡ ಕೆರೆದುಕೊಂಡ. "ಈ ಒಂದು ಅನ್ನೋದು ಎಲ್ಲಿಂದ ಬಂತು? ಮುಂದೆ ಓದೋರಿಗೆ ಅರ್ಥ ಆಗ್ಬೇಕಲ್ಲ. ಅದಕ್ಕೊಂದು ಹೆಸರಿಡು."

ಇಟ್ಟೆ. ಹೆಸರು ಉದ್ದವಾಯಿತು ಎಂದ. ಗಿಡ್ಡ ಮಾಡಿದೆ. ಹೆಸರಿನಲ್ಲಿ 'ಉಡುಗೊರೆ' ಎನ್ನುವುದು ಭಾವುಕವಾಯಿತು ಎಂದ. ಅದನ್ನೂ ಬದಲಿಸಿದೆ. ನಡುವೆ ಊಟಕ್ಕೆ ಹೋದ, ಬೇಗ ಬರುತ್ತೇನೆ ಎಂದ, ಬೇಗವೇ ಬಂದ. ನನಗೂ ಒಂದು ಬಾಳೆಹಣ್ಣು ತಂದಿದ್ದ. ಆಮೇಲೆ ಸಾಲಿನ ಕೊನೆಯಲ್ಲಿ ಒಂದು ಖಾಲಿ ಜಾಗ ಹೆಚ್ಚಾಗಿದೆ ಎಂದು ಯಂತ್ರವೇ ತಿರಸ್ಕರಿಸಿತು. ಅಳಿಸಿದೆ. ಎರಡೂವರೆ ದಾಟಿದ ಮೇಲೆ ಅವನು "ಒಪ್ಪಿದೆ" ಎಂದು ಒತ್ತಿ, ಹೆಬ್ಬೆರಳಿನ ಚಿತ್ರವನ್ನೂ ಹಾಕಿದ.

ಒಪ್ಪಿದ ಸಾಲು ಸಿಡ್ನಿಯ ಯಾವುದೋ ಯಂತ್ರಕ್ಕೆ ಹೋಗಿ, ಅಲ್ಲಿ ಸರತಿಯಲ್ಲಿ ನಿಂತು, ಇಡೀ ಪ್ರೋಗ್ರಾಂ ಮೊದಲಿಂದ ಕಟ್ಟಿಸಿಕೊಂಡು ತಿರುಗಿ ಬರಬೇಕು. ಹಿಂದೆ ನಾನು ಫ್ಲಾಪಿ ಹಿಡಿದು ಬಸ್ಸು ಹತ್ತಿ ಜೈಲಿಗೆ ಹೋಗಿ ಹಾಕಿ ಬರುತ್ತಿದ್ದೆ. ಈಗ ಒಂದು ನೀಲಿ ಪಟ್ಟಿ ಪರದೆಯ ಮೇಲೆ ಇರುವೆಯ ಹಾಗೆ ತೆವಳುತ್ತಿತ್ತು. ಗುಮಾಸ್ತೆಗೆ ಫೋನು ಮಾಡಿ, ಈಗ ಬರುತ್ತೆ, ಸ್ವಲ್ಪ ಕಾಯಿ ಎಂದೆ. ಅವಳು ನಾಲ್ಕಾದ ಮೇಲೂ ಕಾದಳು, ಪಾಪ. ಕಾಗದಕ್ಕೆ ಸಹಿ ಹಾಕಬೇಕಾದ ಅಧಿಕಾರಿಗೆ ಚರ್ಚಿನಲ್ಲಿ ಹಾಡಿನ ಅಭ್ಯಾಸವಿತ್ತು, ಅವನು ಹೊರಟು ಹೋದ. ಅವಳು ಅವನಿಗೆ ಮೂರು ಸಲ ಫೋನು ಹಚ್ಚಿದಳಂತೆ. ಪಟ್ಟಿ ತುಂಬಿ ಹಸಿರಾದಾಗ ಅವಳೂ ಚೀಲ ಹೆಗಲಿಗೆ ಹಾಕಿಕೊಂಡಿದ್ದಳು.

"ಈಗ ಶುಕ್ರವಾರ ಅಂತ ತೋರಿಸ್ತಿದೆ ನೋಡು," ಎಂದಳು ಫೋನಿನಲ್ಲಿ. "ಇವತ್ತೇ."

ಶನಿವಾರ ಬೆಳಿಗ್ಗೆ ಸೆಟೆಫಾನೊನ ಮನೆಯ ಮುಂದೆ ಹಾಸಿದ ನುಣುಪು ಚಾಪೆಗಳ ಮೇಲೆ ಬಿಸಿಲು ಬಿದ್ದಿತ್ತು. ಆಕ್ಲೆಂಡಿನ ಅತ್ತೆಯರು ಕೊಡೆ ಹಿಡಿದಿದ್ದರು. ಹಾಡು ನಡೆಯುತ್ತಿರುವಾಗ ಜೈಲಿನ ವ್ಯಾನು ರಸ್ತೆಯಲ್ಲಿ ನಿಂತಿತು. ಇಬ್ಬರು ಕಾವಲಿನವರ ನಡುವೆ ಮಲಾಕಿ ಇಳಿದ. ಯಾರೋ ಕೊಟ್ಟ ಬಿಳಿ ಅಂಗಿ, ತೋಳು ಗಿಡ್ಡವಾಗಿತ್ತು. ಮಣಿಕಟ್ಟಿನ ಕೋಳವನ್ನು ಮುಚ್ಚಲು ಅದರ ಮೇಲೆ ಒಂದು ಟವೆಲು ಹೊದಿಸಿದ್ದರು. ಟವೆಲು ಇದ್ದದ್ದರಿಂದ ಎಲ್ಲರೂ ಅಲ್ಲಿಗೇ ನೋಡಿದರು.

ನಾನು ಎದ್ದು, ಬಾಗಿ, ಕಾವಲಿನ ಹಿರಿಯನ ಹತ್ತಿರ ಹೋಗಿ ನನ್ನ ಫೋನು ತೋರಿಸಿದೆ. "ನೋಡಿ ಅಣ್ಣಾ. ಹೊಸ ಲೆಕ್ಕದಲ್ಲಿ ನಿನ್ನೆಯೇ ಬಿಡುಗಡೆ. ನಿನ್ನೆಯವರೆಗಿದ್ದ ಲೆಕ್ಕದಲ್ಲಿ ಇವತ್ತು. ಯಾವ ಲೆಕ್ಕ ಹಿಡಿದ್ರೂ ಇವನು ಈಗ ನಿಮ್ಮ ಕೈದಿ ಅಲ್ಲ. ಬಿಚ್ಚಿಬಿಡಿ."

ಅವನು ಪರದೆಯನ್ನು ಬಿಸಿಲಿಗೆ ಮರೆಮಾಡಿ ಓದಿದ. ಅವನಿಗೆ ಅರ್ಥವಾಯಿತು. ಮುಖ ಕಿವುಚಿಕೊಂಡ.

"ನನಗೆ ಕಾಗದ ಬೇಕು ತಂಗೀ. ಬಿಚ್ಚಿದೆ ಅಂತ ಇಟ್ಕೋ, ಯಾರಾದ್ರೂ ಕೇಳಿದ್ರೆ ಫೋನು ನೋಡಿ ಬಿಚ್ಚಿದೆ ಅನ್ಲಾ?"

"ಒಂದು ಹಿಡಿ ಮಣ್ಣು ಹಾಕೋಷ್ಟು ಹೊತ್ತು?"

ಅವನು ಸಮುದ್ರದ ಕಡೆ ನೋಡಿದ. ಬೀಗದ ಕೈ ಸೊಂಟದಲ್ಲೇ ಇತ್ತು. ಅದರ ಮೇಲೆ ಕೈ ಕೂಡ ಇಟ್ಟ. ಆಮೇಲೆ ತೆಗೆದ.

ಮಲಾಕಿ ಗುಂಡಿಯ ಅಂಚಿನಲ್ಲಿ ಮೊಣಕಾಲೂರಿದ. ಒಂದು ಕೈಯಿಂದ ಮಣ್ಣು ತೆಗೆಯಲು ಆಗುವುದಿಲ್ಲ, ಎರಡೂ ಕೈ ಒಟ್ಟಿಗೆ ಹೋಗಬೇಕು. ಟವೆಲು ಜಾರಿ ಒಳಗೆ ಬಿತ್ತು, ಪೆಟ್ಟಿಗೆಯ ಮೇಲೆ. ಹೊಟೇಲಿನ ಹೆಸರಿದ್ದ ಹಳೆಯ ಟವೆಲು. ಅದನ್ನು ತೆಗೆಯುವುದೋ ಬಿಡುವುದೋ ಯಾರಿಗೂ ತಿಳಿಯಲಿಲ್ಲ. ಅತ್ತೆಯೊಬ್ಬಳು ಹಾಡನ್ನು ಜೋರು ಮಾಡಿದಳು. ಅದರ ಮೇಲೆಯೇ ಮಣ್ಣು ಬಿತ್ತು. ಗಂಟೆ ತುಂಬುವ ಮುಂಚೆ ವ್ಯಾನು ಹೊರಟಿತು.

ಕಿರಿಸೋಮೆ ಬಂದಿದ್ದ. ತಗಡಿನ ಡಬ್ಬದ ಮೀನು ತುಂಬಿದ ದೊಡ್ಡ ರಟ್ಟಿನ ಪೆಟ್ಟಿಗೆಯನ್ನು ಹೆಗಲ ಮೇಲೆ ಹೊತ್ತು ತಂದು, ಮನೆಯ ಹಿರಿಯರ ಮುಂದಿಟ್ಟು, ತಪ್ಪಿಲ್ಲದೆ ಎರಡು ಮಾತು ಸಮೋವನ್‌ನಲ್ಲಿ ಹೇಳಿದ. ಎಲ್ಲರಿಗೂ ಮೆಚ್ಚುಗೆಯಾಯಿತು. ಊಟಕ್ಕೆ ಕೂತಾಗ ಸೆಟೆಫಾನೊನ ಪಕ್ಕ ಜಾಗ ಮಾಡಿಕೊಂಡ. ನಾನು ಎದುರಿಗಿದ್ದೆ. ತಟ್ಟೆಯಲ್ಲಿ ಡಬ್ಬದ ಮಾಂಸದ ಕೊಬ್ಬು ಬಿಸಿಲಿಗೆ ಕರಗಿ ಗೆಣಸಿನ ಸುತ್ತ ಹರಡುತ್ತಿತ್ತು.

"ನಾನು ನಿನ್ನೆ ರಾತ್ರಿ ಓದ್ತಾ ಇದ್ದೆ ಗುರು," ಎಂದ ತಗ್ಗಿದ ದನಿಯಲ್ಲಿ, ಸಮಾಧಾನ ಹೇಳುವವನ ಹಾಗೆ. "ಇನ್ನೊಂದು ಭಾಷೆ ಬಂದಿದೆ. ಅದ್ರಲ್ಲಿ ಇಲ್ಲದ ತಾರೀಕನ್ನೂ ಬರೀಬಹುದು. ಅದ್ರಲ್ಲಿದ್ದಿದ್ರೆ ಈ ಕಷ್ಟನೇ ಇರ್ತಿರ್ಲಿಲ್ಲ. ಬರೋ ವರ್ಷ ಅದಕ್ಕೆ ಬದಲಾಯ್ಸೋಣ. ನೀನು ಈಗಿಂದ್ಲೇ ಕಲಿ. ಮನಸ್ಸಿಗೂ ಒಂದು ಕೆಲಸ ಆಗುತ್ತೆ."

ಸೆಟೆಫಾನೊ ಅಗಿಯುತ್ತಿದ್ದವನು ನಿಲ್ಲಿಸಿದ. ನನ್ನ ಕಡೆ ನೋಡಿದ. ಯಾವತ್ತಿನ ಹಾಗೆ ಕೇಳುತ್ತಾನೆಂದುಕೊಂಡೆ, ಅಕ್ಕಾ, ಯಾವುದು ಕಲಿಯೋದು ಅಂತ. ಅವನು ಏನೂ ಕೇಳಲಿಲ್ಲ. ತಲೆ ತಗ್ಗಿಸಿ ಮತ್ತೆ ಅಗಿಯತೊಡಗಿದ, ನಿಧಾನವಾಗಿ, ಬಾಯೊಳಗಿದ್ದದ್ದು ತಿನ್ನುವ ವಸ್ತುವೋ ಅಲ್ಲವೋ ಎಂದು ಅನುಮಾನ ಬಂದವನ ಹಾಗೆ. ನಾನು ಎದ್ದು ಬ್ರೆಡ್‌ಫ್ರೂಟ್ ಮರದ ಹಿಂದೆ ಹೋಗಿ ಉಗುಳಿದೆ. ಉಗುಳಿದರೂ ರುಚಿ ಹೋಗಲಿಲ್ಲ.

ಸೋಮವಾರ ನಾನೂ ಸೆಟೆಫಾನೊನೂ ಅವನ ಮಾವನ ಪಿಕಪ್ ತೆಗೆದುಕೊಂಡು ಜೈಲಿಗೆ ಹೋದೆವು. ಗುಮಾಸ್ತೆ ಕಾಗದ ಸಿದ್ಧ ಇಟ್ಟಿದ್ದಳು. ಬಿಡುಗಡೆಯ ದಿನ: ಶುಕ್ರವಾರ. ಸ್ಪಷ್ಟವಾಗಿ ಅಚ್ಚಾಗಿತ್ತು.

ಮಲಾಕಿ ಪ್ಲಾಸ್ಟಿಕ್ ಚೀಲ ಹಿಡಿದು ಹೊರಗೆ ಬಂದ. ಬಂದು ನಿಂತವನೇ ಮಣಿಕಟ್ಟು ತಿಕ್ಕಿಕೊಳ್ಳಲಿಲ್ಲ, ಆಕಾಶ ನೋಡಲಿಲ್ಲ. ಕಾಗದವನ್ನು ಎರಡು ಸಲ ಓದಿದ.

"ಇದ್ರಲ್ಲಿ ಶುಕ್ರವಾರ ಅಂತಿದೆ."

"ಹೂಂ," ಎಂದೆ.

"ನಂಗೂ ಶುಕ್ರವಾರ ಅಂತಲೇ ಗೊತ್ತಿದ್ದಿದ್ದು. ಆ ದಿನ ಹಾರಿಹೋದ ರಾತ್ರಿ ಒಳಗೆಲ್ಲ ಹಾಡಿದ್ವಿ. ಒಂದು ದಿನ ಪುಕ್ಕಟೆ ಸಿಕ್ತು ಅಂತ. ಅಷ್ಟು ವರ್ಷದಲ್ಲಿ ಯಾರಾದ್ರೂ ನಂಗೆ ಏನಾದ್ರೂ ಸುಮ್ನೆ ಕೊಟ್ಟಿದ್ರೆ ಅದೊಂದೇ." ಕಾಗದ ಮಡಚಿದ. "ಅದನ್ನ ಯಾರು ವಾಪಸ್ ತಗೊಂಡಿದ್ದು?"

"ಕಂಪ್ಯೂಟರ್ ಬದಲಾಯ್ಸಿದ್ರು," ಎಂದು ಶುರುಮಾಡಿದೆ. ಎಷ್ಟು ಸಲೀಸಾಗಿ ಬಾಯಿಗೆ ಬಂತು. "ಹೊಸ ಭಾಷೆ ಬಂತಲ್ಲ, ಅದ್ರಲ್ಲಿ..."

"ನಾನು," ಎಂದ ಸೆಟೆಫಾನೊ.

ಮಲಾಕಿ ಅವನ ಕಡೆ ತಿರುಗಿದ.

"ನಾನೇ ಅಣ್ಣಾ. ಒಂದು ಸಾಲು ಇತ್ತು. ಬೇಡ ಅಂದ್ರು, ಅಳಿಸ್ದೆ. ಯಾಕಿದೆ ಅಂತ ಕೇಳ್ಲಿಲ್ಲ."

"ನಿಂಗೆ ಗೊತ್ತಿರ್ಲಿಲ್ವಾ ಆ ದಿನದ ವಿಷಯ?"

"ಗೊತ್ತಿತ್ತು. ಮನೇಲಿ ಎಲ್ರಿಗೂ ಗೊತ್ತಿತ್ತು. ಆ ಸಾಲು ಅದೇ ಅಂತ ಹೊಳೀಲಿಲ್ಲ. ಭಾಷೆ ನೋಡ್ತಾ ಇದ್ದೆ."

ಗೇಟಿನ ಕಾವಲಿನವನು ನಮ್ಮನ್ನು ನೋಡುತ್ತಿದ್ದ. ಮಲಾಕಿ ತಮ್ಮನನ್ನು ಹೊಡೆಯುತ್ತಾನೆ ಎಂದುಕೊಂಡೆ. ಅವನ ಕೈ ದೊಡ್ಡದು, ಆ ಕೈಯ ಏಟು ಏನು ಮಾಡುತ್ತದೆಂದು ಮೂವರಿಗೂ ಗೊತ್ತಿತ್ತು. ಅವನು ಚೀಲವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿದ. ಪಿಕಪ್ಪಿನ ಮುಂದಿನ ಬಾಗಿಲನ್ನು ಸೆಟೆಫಾನೊ ಅವನಿಗಾಗಿ ತೆಗೆದು ಹಿಡಿದಿದ್ದ, ಸೀಟಿನ ಮೇಲೆ ಹೂವಿನ ಹಾರ, ಸುತ್ತಿಟ್ಟ ಬನ್ನು. ಮಲಾಕಿ ಅದನ್ನು ದಾಟಿ ಹಿಂದಕ್ಕೆ ಹೋದ. ಚಕ್ರದ ಮೇಲೆ ಕಾಲಿಟ್ಟು ತೆರೆದ ಹಿಂಭಾಗಕ್ಕೆ ಹತ್ತಿ, ತೆಂಗಿನಕಾಯಿ ಗೋಣಿಯ ಪಕ್ಕ, ನಮಗೆ ಬೆನ್ನು ಮಾಡಿ ಕೂತ.

ಸೆಟೆಫಾನೊ ಸ್ವಲ್ಪ ಹೊತ್ತು ಬಾಗಿಲು ಹಿಡಿದೇ ನಿಂತ. ಆಮೇಲೆ ಮುಚ್ಚಿ, ಬಂದು, ಗಾಡಿ ಶುರುಮಾಡಿದ. ದಾರಿಯಲ್ಲಿ ಪ್ರತಿ ಗುಂಡಿಗೂ ನಿಧಾನ ಮಾಡುತ್ತ, ಕನ್ನಡಿಯಲ್ಲಿ ಅಣ್ಣನ ಬೆನ್ನು ನೋಡುತ್ತ ಓಡಿಸಿದ. ಸೀಟಿನ ಮೇಲಿನ ಬನ್ನಿನ ವಾಸನೆಗೆ ನಾನು ಕಿಟಕಿ ಇಳಿಸಿದೆ.